ಗುರುವಾರದ ಊಟ ಮತ್ತು ನನ್ನ ಮನೆ ಕಂದಾಯ

ನನ್ನ ಪುಟ್ಟಿ, ನನ್ನ ಚಿನ್ನು,

ನಿಮಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಕೊಡುತ್ತೀರಿ. ಓದಲು ಇನ್ನೂ ಬರುವುದಿಲ್ಲ. ಆದರೂ ಕನ್ನಡದಲ್ಲೇ ಬರೆಯುತ್ತಿದ್ದೇನೆ, ನನಗೆ ಬರುವುದು ಇದೊಂದೇ. ಎದುರಿಗೆ ಕೂರಿಸಿಕೊಂಡು ಹೇಳಬಹುದಿತ್ತು ಎನ್ನಬೇಡಿ. ನೀವು ಎದುರಿಗೆ ಕುಳಿತು ಕಣ್ಣು ಪಿಳಿಪಿಳಿ ಬಿಟ್ಟರೆ ಹೇಳಬೇಕಾದ್ದೆಲ್ಲ ಮರೆತು "ಇನ್ನೊಂದು ದೋಸೆ ಹಾಕಲಾ?" ಎಂದುಬಿಡುತ್ತೇನೆ.

ಹೋದ ವರ್ಷ ಇಲ್ಲಿನ ಪೇಪರಿನಲ್ಲಿ ನನ್ನ ಫೋಟೋ ಬಂದಿತ್ತು. ನೀವು ನಿಮ್ಮೂರು ಸೊಲಿಹಲ್‌ನಿಂದ ವಿಡಿಯೊ ಕಾಲ್ ಮಾಡಿ "ಅಜ್ಜಿ, ಯು ಆರ್ ಫೇಮಸ್!" ಎಂದು ಕೂಗಿದಿರಿ. ಆ ಫೋಟೋದಲ್ಲಿ ನಾನು ಕೈ ಎತ್ತಿ ನಿಂತಿದ್ದೇನೆ. ಯಾಕೆ ಎತ್ತಿದೆ ಎಂದು ನೀವು ಕೇಳಲಿಲ್ಲ, ನಿಮ್ಮಪ್ಪನೂ ಕೇಳಲಿಲ್ಲ. ಕೇಳಿದ್ದು ಒಬ್ಬಳೇ, ಅದೂ ಕೋಪ ಇಳಿದ ಮೇಲೆ. ಅದನ್ನು ಬರೆದಿಡಬೇಕು ಅನ್ನಿಸಿದೆ. ಬರೆದರೆ ನನಗೂ ಸ್ವಲ್ಪ ತಿಳಿಯಾಗಬಹುದೇನೋ, ನೋಡೋಣ.

ಮೊದಲು ಮನೆ ಕಂದಾಯದ ವಿಷಯ. ಇಲ್ಲಿ ಇಂಗ್ಲೆಂಡಿನಲ್ಲಿ ಕೌನ್ಸಿಲ್ ಟ್ಯಾಕ್ಸ್ ಎನ್ನುತ್ತಾರೆ. ನನ್ನ ತವರೂರಿನಲ್ಲಿ ಪಂಚಾಯಿತಿಯ ಬಿಲ್ ಕಲೆಕ್ಟರ್ ಸೈಕಲ್ಲಿನಲ್ಲಿ ಬಂದು, ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿದು, ಊರ ಸುದ್ದಿಯೆಲ್ಲ ಹೇಳಿ, ಕೊನೆಗೆ ಏನೋ ನೆನಪಾದವನಂತೆ ಕಂದಾಯ ಕೇಳುತ್ತಿದ್ದ. ಇಲ್ಲಿ ಯಾರೂ ಬರುವುದಿಲ್ಲ. ಬ್ಯಾಂಕಿನಿಂದ ತಾನಾಗಿಯೇ ಹೋಗುತ್ತದೆ. ಅದನ್ನೆಲ್ಲ ನಿಮ್ಮ ತಾತ ನೋಡಿಕೊಳ್ಳುತ್ತಿದ್ದರು. ಅವರು ಆಸ್ಪತ್ರೆಯ ಡಾಕ್ಟರು, ನಾನು ಹಳ್ಳಿ ಶಾಲೆಯಲ್ಲಿ ಓದಿದವಳು. ಹೊರಗಿನದು ಅವರದು, ಒಳಗಿನದು ನನ್ನದು ಎಂದು ನಡೆದುಹೋಗಿತ್ತು.

ತಾತ ಹೋದ ಮೇಲೆ ನಿಮ್ಮಪ್ಪ ಬಂದು ಕಾಗದಪತ್ರ ನೋಡಿದ. "ಅಮ್ಮ, ಒಬ್ರೇ ಇರೋ ಮನೆಗೆ ಟ್ಯಾಕ್ಸ್‌ನಲ್ಲಿ ಕಾಲು ಭಾಗ ಕಡಿಮೆ ಮಾಡ್ತಾರೆ, ನಾನು ಆನ್‌ಲೈನ್ ಹಾಕಿದೀನಿ" ಎಂದ. ಒಳ್ಳೆಯದೇ ಅಲ್ಲವೇ. ಆದರೆ ಅವತ್ತು ಒಲೆಯ ಮುಂದೆ ನಿಂತು ತುಂಬ ಹೊತ್ತು ಯೋಚಿಸಿದೆ. ಇಷ್ಟು ವರ್ಷ ಇದ್ದ ಮನುಷ್ಯ ಇಲ್ಲವಾದರೆ ಮನೆ ಕಾಲು ಭಾಗ ಮಾತ್ರ ಕಡಿಮೆಯಾಗುತ್ತದೆ ಎಂದು ಲೆಕ್ಕ ಹಾಕಿದವರು ಯಾರು? ನನ್ನನ್ನು ಕೇಳಿದ್ದರೆ ಬೇರೆ ಹೇಳುತ್ತಿದ್ದೆ.

ಆ ದಿನಗಳಲ್ಲಿ ನಾನು ಬಾಗಿಲು ತೆಗೆಯುತ್ತಿರಲಿಲ್ಲ. ಹತ್ತಿರದ ಪಟ್ಟಣ ಹಡರ್ಸ್‌ಫೀಲ್ಡ್‌ಗೆ ಬಸ್ಸಿನಲ್ಲಿ ಹೋಗಿ ಕರಿಬೇವು ತರುವುದನ್ನೂ ಬಿಟ್ಟಿದ್ದೆ. ಒಗ್ಗರಣೆಯಿಲ್ಲದ ಸಾರು ಉಂಡುಕೊಂಡು ಇದ್ದೆ. ಪಕ್ಕದ ಮನೆಯವಳು, ನಿಮಗೆ ಬೆಣ್ಣೆ ಬಿಸ್ಕತ್ತು ಕೊಡುತ್ತಾಳಲ್ಲ ಅವಳೇ, ಒಂದು ಗುರುವಾರ ಬಂದು ಬಾಗಿಲು ಬಡಿದಳು. ಅವಳು ಶಾಲೆಯೊಂದರಲ್ಲಿ ಅಡುಗೆ ಮಾಡುತ್ತಿದ್ದು ನಿವೃತ್ತಳಾದವಳು. ಅವಳ ಇಂಗ್ಲಿಷನ್ನು ನಾನು ಕನ್ನಡದಲ್ಲಿ ಬರೆಯುತ್ತೇನೆ, ಇಂಗ್ಲಿಷಿನಲ್ಲಿ ಬರೆದರೆ ಅವಳ ಮಾತಿನ ಖಾರ ನನ್ನ ಕೈಗೆ ಸಿಗುವುದಿಲ್ಲ.

"ಲವ್, ಕೋಟು ಹಾಕ್ಕೊ. ಊಟಕ್ಕೆ ಹೋಗೋಣ."

"ಊಟ ಆಯ್ತು."

"ಸುಳ್ಳು. ನಿಮ್ಮನೆಯಿಂದ ಒಂದು ವಾರದಿಂದ ಯಾವ ವಾಸನೆಯೂ ಬಂದಿಲ್ಲ. ಮೊದಲೆಲ್ಲ ಗೋಡೆಯ ನಮ್ಮ ಕಡೆ ನಾನು ಸೀನುತ್ತಿದ್ದೆ."

ಈ ಕಡೆಯವರು ಬಸ್ಸಿನ ಡ್ರೈವರನಿಂದ ಹಿಡಿದು ಎಲ್ಲರೂ ಎಲ್ಲರನ್ನೂ ಲವ್ ಎನ್ನುತ್ತಾರೆ. ಬಂದ ಹೊಸದರಲ್ಲಿ ನನಗೆ ನಾಚಿಕೆಯಾಗಿ ತಲೆ ತಗ್ಗಿಸುತ್ತಿದ್ದೆ. ಅವತ್ತು ಮಾತ್ರ ಆ ಮಾತು ಕೇಳಿ ಕೋಟು ಹಾಕಿಕೊಂಡೆ.

ಚರ್ಚಿನ ಹಿಂದೆ ಒಂದು ಹಾಲ್ ಇದೆ. ಪ್ರತಿ ಗುರುವಾರ ಮಧ್ಯಾಹ್ನ ಅಲ್ಲಿ ವಯಸ್ಸಾದವರಿಗೆ ಊಟ. ಅಡುಗೆ ಅವಳದೇ. ಆಲೂಗಡ್ಡೆ, ಬಟಾಣಿ, ಅವರಿಗೆ ಮಾಂಸದ ಪೈ, ನನಗೆ ಅಂತ ಬೇರೆ ತಟ್ಟೆಯಲ್ಲಿ ಚೀಸಿನದು, ಆಮೇಲೆ ಬಿಸಿ ಕಸ್ಟರ್ಡ್. ಕೊಡಬೇಕಾದದ್ದು ಚಿಲ್ಲರೆ ಕಾಸು. ನನ್ನ ಪಕ್ಕದ ಕುರ್ಚಿಯಲ್ಲಿ ಒಬ್ಬ ಮುದುಕ ಕೂರುತ್ತಿದ್ದ. ಹಿಂದೆ ಬಸ್ಸು ಓಡಿಸುತ್ತಿದ್ದವನಂತೆ. ಬೆಟ್ಟದ ಮೇಲಿನ ಹಳೆಯ ಮನೆಯೊಂದರಲ್ಲಿ ಒಂದೇ ರೂಮು ಬಾಡಿಗೆಗೆ ಹಿಡಿದಿದ್ದಾನೆ. ಆ ರೂಮಿನಲ್ಲಿ ಒಲೆ ಇಲ್ಲ, ನೀರು ಕಾಯಿಸುವ ಕೆಟಲ್ ಮಾತ್ರ. ಹೀಗಾಗಿ ವಾರದಲ್ಲಿ ಅವನು ಬಿಸಿಯಾಗಿ ಉಣ್ಣುತ್ತಿದ್ದದ್ದು ಆ ಗುರುವಾರವೇ. ನಾನು ನಿಂಬೆ ಉಪ್ಪಿನಕಾಯಿಯ ಪುಟ್ಟ ಬಾಟಲಿ ಒಯ್ಯುತ್ತಿದ್ದೆ. ಅವನು ಅದನ್ನು ನೋಡಿ, "ಮೇಡಮ್ಮು ಇವತ್ತೂ ಪಟಾಕಿ ತಂದಿದ್ದಾರೆ, ಹಿಂದೆ ಸರೀರಿ" ಎನ್ನುತ್ತಿದ್ದ. ಕೊನೆಗೆ ಬಾಟಲಿ ಖಾಲಿ ಮಾಡುತ್ತಿದ್ದವನೂ ಅವನೇ.

ಆ ಊಟ ನನ್ನನ್ನು ಬದುಕಿಸಿತು ಎಂದರೆ ದೊಡ್ಡ ಮಾತಾಗುತ್ತದೆ. ಗುರುವಾರ ಇದೆ ಎಂದು ಬುಧವಾರ ತಲೆ ಬಾಚಿಕೊಳ್ಳುತ್ತಿದ್ದೆ, ಅಷ್ಟು ಹೇಳುತ್ತೇನೆ.

ಅವಳ ಉಪಕಾರಕ್ಕೆ ನಾನು ಸ್ಟೀಲ್ ಡಬ್ಬಿಯಲ್ಲಿ ಚಿತ್ರಾನ್ನ ಕಳಿಸತೊಡಗಿದೆ. ಮೊದಲ ಸಲ ಡಬ್ಬಿಯನ್ನು ಫಳಫಳ ತೊಳೆದು ವಾಪಸು ತಂದಳು. ನಾನು ತಡೆಯಲಾರದೆ ಹೇಳಿಬಿಟ್ಟೆ: ನಮ್ಮಲ್ಲಿ ಡಬ್ಬಿ ಬರಿದಾಗಿ ಕೊಡುವುದಿಲ್ಲ, ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯಾದರೂ ಹಾಕುತ್ತೇವೆ. ಅವಳು ಸೊಂಟದ ಮೇಲೆ ಕೈ ಇಟ್ಟುಕೊಂಡು, "ಅಂದ್ರೆ ಇದು ಮುಗಿಯೋದೇ ಇಲ್ವಾ? ಸಾಯೋವರೆಗೂ ತುಂಬಿಸ್ತಾನೇ ಇರ್ಬೇಕಾ?" ಎಂದು ಕೇಳಿದಳು. ಹೌದು ಎಂದೆ. ಅಲ್ಲಿಂದ ಮುಂದೆ ಡಬ್ಬಿಯಲ್ಲಿ ಬಿಸ್ಕತ್ತು ಬಂತು, ಮೊಟ್ಟೆ ಬಂತು, ಅವಳ ಹಿತ್ತಲಲ್ಲಿ ಬೆಳೆದ ಗೂಸ್‌ಬೆರಿ ಎಂಬ ಹುಳಿ ಹಣ್ಣು ಬಂತು, ಅದರಲ್ಲಿ ಗೊಜ್ಜು ಮಾಡಿದೆ. ಒಂದು ಸಲ ಒಂದು ಲಾಟರಿ ಟಿಕೆಟ್ ಬಂತು.

ನನಗೆ ಗಾಬರಿ. ಲಾಟರಿ ಎಂದರೆ ನಿಮ್ಮ ತಾತನಿಗೆ ಆಗುತ್ತಿರಲಿಲ್ಲ, "ಜೂಜು ಅದು" ಎನ್ನುತ್ತಿದ್ದರು. ನನಗೆ ಲಾಟರಿ ಎಂದರೆ ಸೋದರಮಾವ. ಆಗ ನಮ್ಮ ರಾಜ್ಯ ಸರ್ಕಾರವೇ ಲಾಟರಿ ನಡೆಸುತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಸೈಕಲ್ಲಿಗೆ ಮೈಕು ಕಟ್ಟಿಕೊಂಡು "ನಾಳೆ ಡ್ರಾ, ನಾಳೆ ಡ್ರಾ" ಎಂದು ಕೂಗುತ್ತಿದ್ದ. ಮಾವ ಸಂತೆಗೆ ಹೋದಾಗೆಲ್ಲ ಒಂದು ಟಿಕೆಟ್ ತರುತ್ತಿದ್ದ. ಒಂದು ಸಲವೂ ಹೊಡೆಯಲಿಲ್ಲ. ಅಮ್ಮ ಬೈದರೆ, "ಅಕ್ಕಾ, ಸುಮ್ನಿರು. ಸರ್ಕಾರ ನಮ್ಮೂರಿಗೆ ಟಾರ್ ರೋಡ್ ಹಾಕಿಸಿದ್ದು ಯಾರ ದುಡ್ಡಲ್ಲಿ? ಅದರಲ್ಲಿ ಒಂದು ಮಾರು ನಂದು" ಎನ್ನುತ್ತಿದ್ದ. ಬಸ್ಸು ಗುಂಡಿಗೆ ಬಿದ್ದು ಎಲ್ಲರೂ ಎಗರಿ ಬಿದ್ದಾಗ ಅಮ್ಮ ಸೆರಗು ಸರಿಮಾಡಿಕೊಂಡು, "ಇದೇ ಕಣೋ ನಿನ್ನ ಮಾರು" ಎನ್ನುತ್ತಿದ್ದಳು. ಆಮೇಲೆ ಸರ್ಕಾರ ಲಾಟರಿ ನಿಲ್ಲಿಸಿತು. ಎಷ್ಟೋ ಮನೆ ಹಾಳಾಗಿತ್ತು, ನಿಲ್ಲಿಸಿದ್ದು ಒಳ್ಳೆಯದೇ ಆಯಿತು ಎಂದು ಹೆಂಗಸರೆಲ್ಲ ಹೇಳಿದರು. ಮಾವ ಮಾತ್ರ, "ಇನ್ನು ರೋಡ್ ರಿಪೇರಿ ಯಾರು ಮಾಡಿಸ್ತಾರೋ" ಎಂದು ನಿಜವಾಗಿ ಚಿಂತೆ ಮಾಡಿದ.

ಪಕ್ಕದ ಮನೆಯವಳು ಕೊಟ್ಟದ್ದು ಇಲ್ಲಿನ ಕೌನ್ಸಿಲ್ಲೇ ಈ ಊರಿಗಾಗಿ ನಡೆಸುವ ಚಿಕ್ಕ ಲಾಟರಿ. ಅದರಲ್ಲಿ ಉಳಿದ ದುಡ್ಡು ಊರ ಕೆಲಸಗಳಿಗೆ ಹೋಗುತ್ತದೆ. ಟಿಕೆಟ್ ಮಾರುವವರಲ್ಲಿ ಅವಳೂ ಒಬ್ಬಳು. ಎಸೆಯಲು ಮನಸ್ಸು ಬಾರದೆ, ಇಟ್ಟುಕೊಳ್ಳಲು ಧೈರ್ಯ ಬಾರದೆ, ದೇವರ ಮುಂದೆ ಇಟ್ಟು ಅದರ ಮೇಲೆ ಕುಂಕುಮದ ಭರಣಿ ಇಟ್ಟೆ. ಡ್ರಾ ಯಾವಾಗ ಆಯಿತೋ, ನೋಡಲಿಲ್ಲ. ಗುರುವಾರದ ಊಟ ನಡೆಯುತ್ತಿದ್ದದ್ದು ಅದೇ ದುಡ್ಡಿನಲ್ಲಿ ಎಂದು ನನಗೆ ಆಗ ಗೊತ್ತಿರಲಿಲ್ಲ. ಹಾಲ್ ಬಾಡಿಗೆ, ಗ್ಯಾಸ್, ಆಲೂಗಡ್ಡೆ, ಎಲ್ಲ ಅದರದೇ ಅಂತೆ.

ಅದು ಗೊತ್ತಾದದ್ದು ನಮ್ಮ ವಾರ್ಡಿನ ಕೌನ್ಸಿಲರ್ ನಮ್ಮ ಮನೆಗೆ ಬಂದ ಮೇಲೆ. ನಿಮ್ಮಪ್ಪನಿಗಿಂತ ಚಿಕ್ಕ ವಯಸ್ಸಿನವನು, ಮಳೆಯಲ್ಲಿ ನೆನೆದಿದ್ದ, ಒಳಗೆ ಕೂರಿಸಿ ಕಾಫಿ ಕೊಟ್ಟೆ. ಲಾಟರಿಯ ದುಡ್ಡನ್ನು ಅಲ್ಲಿಷ್ಟು ಇಲ್ಲಿಷ್ಟು ಹಂಚುವ ಬದಲು, ಒಂಟಿಯಾಗಿರುವ ಹಿರಿಯರ ಕೌನ್ಸಿಲ್ ಟ್ಯಾಕ್ಸ್ ಇಳಿಸಲು ಬಳಸಬೇಕು ಎಂದು ಅವನ ಯೋಚನೆ. "ನಿಮ್ಮಂಥವರಿಗಾಗಿಯೇ" ಎಂದ. ಒಳ್ಳೆಯ ಮನುಷ್ಯ. ಕಾಫಿ ಲೋಟವನ್ನು ತಾನೇ ತೊಳೆದಿಟ್ಟ. ಜನರ ಅಭಿಪ್ರಾಯ ತಿಳಿಯಲು ಸಭೆ ಇದೆ, ಬನ್ನಿ ಎಂದ. ನಾನು ಯಾವುದಕ್ಕೂ ಇಲ್ಲ ಎನ್ನಲಾರದವಳು, ತಲೆ ಆಡಿಸಿದೆ.

ನಿಮ್ಮಪ್ಪನಿಗೆ ಫೋನಿನಲ್ಲಿ ಹೇಳಿದೆ.

"ಹೋಗು ಅಮ್ಮ. ನಿಂಗೇ ಬೆನಿಫಿಟ್ ಅಲ್ವಾ? ಸುಮ್ನೆ ಕೂತ್ಕೊಂಡು ಬಾ, ಯಾರೂ ನಿನ್ನ ಪ್ರಶ್ನೆ ಕೇಳಲ್ಲ."

"ಊಟ ನಿಂತುಹೋದ್ರೆ?"

"ಅಮ್ಮ, ಒಂದು ಆಲೂಗಡ್ಡೆಗೆ ಅಷ್ಟು ದೂರ ಯಾಕ್ ಹೋಗ್ತೀಯ? ಟ್ಯಾಕ್ಸ್ ಉಳಿದ ದುಡ್ಡಲ್ಲಿ ನೀನೇ ಬೇಯಿಸ್ಕೊ."

ಅವನು ಹೇಳಿದ್ದು ಲೆಕ್ಕಕ್ಕೆ ಸರಿ. ಆದರೂ ನನಗೆ ಆ ಬಸ್ಸಿನ ಮುದುಕ ನೆನಪಾದ. ಅವನೂ ವಾರವಾರ ಟಿಕೆಟ್ ಕೊಳ್ಳುತ್ತಿದ್ದ. ಅವನ ಮನೆಯ ಕೌನ್ಸಿಲ್ ಟ್ಯಾಕ್ಸ್ ಕಟ್ಟುವುದು ಮನೆಯ ಮಾಲೀಕ, ಅವನು ಬಾಡಿಗೆ ಮಾತ್ರ ಕಟ್ಟುತ್ತಾನೆ. ಹಾಗಾದರೆ ಅವನ ಪಾಲಿನದು ಎಲ್ಲಿಗೆ ಬರುತ್ತದೆ? ನಾನು ಸ್ವಂತ ಮನೆಯಲ್ಲಿ ಇರುವವಳು, ಟಿಕೆಟ್ ಕೊಳ್ಳದವಳು. ನನಗೆ ಬರುತ್ತದೆ. ಕೊಳ್ಳುವವನಿಗೆ ಇಲ್ಲ. ಇದು ನನ್ನ ತಲೆಯಲ್ಲಿ ಜೀರುಂಡೆಯ ಹಾಗೆ ಕೂತುಬಿಟ್ಟಿತು. ನನಗೆ ಅರ್ಥವಾಗದ ಯಾವುದೋ ಏರ್ಪಾಡು ಇರಬಹುದು, ಕೇಳಿದರೆ ಹೇಳಿಯಾರು ಎಂದು ಸಭೆಗೆ ಹೋದೆ.

ಸಭೆ ಅದೇ ಹಾಲ್‌ನಲ್ಲಿ. ಪಕ್ಕದ ಮನೆಯವಳು ಮುಂದಿನ ಸಾಲಿನಲ್ಲಿ ಕೈ ಕಟ್ಟಿಕೊಂಡು ಕೂತಿದ್ದಳು. ಮುದುಕ ಬಾಗಿಲ ಹತ್ತಿರ. ನಾನು ಮಧ್ಯದಲ್ಲಿ. ಮಾತಿನ ಮೇಲೆ ಮಾತು ನಡೆಯಿತು. ನನ್ನ ಪ್ರಶ್ನೆಯನ್ನು ನಾನು ಮೊದಲು ಕನ್ನಡದಲ್ಲಿ ಕಟ್ಟಿಕೊಂಡು, ಒಂದೊಂದೇ ಪದವನ್ನು ಇಂಗ್ಲಿಷಿಗೆ ದಾಟಿಸುತ್ತಿದ್ದೆ. "ಬಾಡಿಗೆಗೆ ಒಂದೇ ರೂಮಿನಲ್ಲಿ ಇರುವವರಿಗೆ ಏನು ಸಿಗುತ್ತದೆ?" ಇಷ್ಟೇ. ಅದಕ್ಕೆ ಎಷ್ಟು ಹೊತ್ತು ಹಿಡಿಯಿತೋ. ಅಷ್ಟರಲ್ಲಿ ಮುಂದೆ ಏನು ನಡೆಯಿತು ಎಂದು ನಾನು ಕೇಳಿಸಿಕೊಳ್ಳಲೇ ಇಲ್ಲ.

ನಮ್ಮ ಹಳ್ಳಿ ಶಾಲೆಯಲ್ಲಿ ಮೇಷ್ಟ್ರನ್ನು ಏನಾದರೂ ಕೇಳಬೇಕಾದರೆ ಎದ್ದು ನಿಂತು, ಬಲಗೈ ನೆಟ್ಟಗೆ ಎತ್ತಿ, ಅವರು ನೋಡುವವರೆಗೆ ಇಳಿಸಬಾರದು. ನನ್ನ ವಾಕ್ಯ ಸಿದ್ಧವಾಯಿತು. ಎದ್ದು ನಿಂತು ಕೈ ಎತ್ತಿದೆ. ಕೌನ್ಸಿಲರ್ ನನ್ನನ್ನು ನೋಡಿ ನಕ್ಕ. ಆಗ ನೋಡುತ್ತೇನೆ, ಸುತ್ತಲೂ ಬೇಕಾದಷ್ಟು ಕೈಗಳು. ಟ್ಯಾಕ್ಸ್ ಇಳಿಸುವುದಕ್ಕೆ ಒಪ್ಪಿದವರು ಕೈ ಎತ್ತಿ ಎಂದು ಆಗ ತಾನೇ ಕೇಳಿದ್ದರಂತೆ. ಎಣಿಸುವವನು ನನ್ನ ಕಡೆ ಬೆರಳು ತೋರಿ ಮುಂದಕ್ಕೆ ಹೋದ. ಯಾರೋ ಫೋಟೋ ತೆಗೆದರು. ನಾನು ಕೈ ಇಳಿಸಬೇಕೋ ಬೇಡವೋ ತಿಳಿಯದೆ ಹಾಗೇ ನಿಂತಿದ್ದೆ. ಪಕ್ಕದ ಮನೆಯವಳು ಹಿಂದೆ ತಿರುಗಿ ನನ್ನನ್ನು ನೋಡಿದಳು. ಆ ನೋಟ ಫೋಟೋದಲ್ಲಿ ಬಂದಿಲ್ಲ. ನಿಮಗೆ ಕಾಣುವುದು ನನ್ನ ಶಾಲು ಮತ್ತು ಕೈ.

ಕೂತ ಮೇಲೆ ನನ್ನ ಪ್ರಶ್ನೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಮುದುಕ ಹೊರಗೆ ಹೋಗುವಾಗ ಟೋಪಿ ಎತ್ತಿ, "ಮೇಡಮ್ಮಿನ ಕೈ ಭಾಳ ನೆಟ್ಟಗೆ ಇತ್ತು" ಎಂದ. ಹಾಸ್ಯವೋ ಬೇಸರವೋ ತಿಳಿಯಲಿಲ್ಲ.

ಮಾರನೆಯ ದಿನ ನನ್ನ ಸ್ಟೀಲ್ ಡಬ್ಬಿ ಬಾಗಿಲ ಮುಂದೆ ಇತ್ತು. ಮುಚ್ಚಳ ತೆಗೆದೆ. ತೊಳೆದು ಒರೆಸಿ ಇಟ್ಟಿದ್ದಳು. ಒಳಗೆ ಏನೂ ಇರಲಿಲ್ಲ.

ಅವಳಿಗೆ ಗೊತ್ತಿಲ್ಲದೆ ಆದದ್ದಲ್ಲ ಅದು. ನಾನೇ ಕಲಿಸಿದ್ದೆ. ಇಂಗ್ಲಿಷಿನಲ್ಲಿ ಬೈದಿದ್ದರೆ ಅರ್ಧ ಅರ್ಥವಾಗದೆ ಬಿಡುತ್ತಿದ್ದೆ. ಅವಳು ನನ್ನ ಭಾಷೆಯಲ್ಲೇ ಬೈದಿದ್ದಳು. ಆ ಗುರುವಾರ ನಾನು ಊಟಕ್ಕೆ ಹೋಗಲಿಲ್ಲ. ಮುಂದಿನ ಗುರುವಾರವೂ ಹೋಗಲಿಲ್ಲ. ನಿಮ್ಮಪ್ಪ "ಮನೆ ಮಾರಿ ಇಲ್ಲಿಗೇ ಬಂದ್ಬಿಡಮ್ಮ" ಎಂದ. ಆಗಲಿ ಎನ್ನುವಷ್ಟರಲ್ಲಿ ಬಾಯಿ ತಡೆದುಕೊಂಡೆ.

ಕೊನೆಗೆ ಪುಳಿಯೋಗರೆ ಕಲಸಿ, ಅದೇ ಡಬ್ಬಿಗೆ ತುಂಬಿ, ಅವಳ ಬಾಗಿಲು ನಾನೇ ಬಡಿದೆ. ಹಾಗೆ ಒಬ್ಬಳೇ ಹೋಗಿ ಒಬ್ಬರ ಬಾಗಿಲು ಬಡಿದದ್ದು ಈ ದೇಶದಲ್ಲಿ ಅದೇ ಮೊದಲು ಎಂದು ಕಾಣುತ್ತದೆ.

"ನಾನು ಓಟು ಹಾಕಿದ್ದಲ್ಲ" ಎಂದೆ. "ಕೇಳಬೇಕಿತ್ತು. ಕೇಳೋದಕ್ಕೆ ಕೈ ಎತ್ತಿದ್ದು."

"ಏನು ಕೇಳೋದಕ್ಕೆ?"

ವಾಕ್ಯ ಹಾಗೇ ಇತ್ತು, ಎಲ್ಲಿಗೂ ಹೋಗಿರಲಿಲ್ಲ. ಹೇಳಿದೆ. ಅವಳು ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡಳು.

"ಅಯ್ಯೋ ದಡ್ಡಿ, ನಾವೆಲ್ಲ ಅರಚಾಡಿದರೂ ಇದನ್ನ ಒಬ್ಬರೂ ಕೇಳಲಿಲ್ಲ. ನೀನು ಕೇಳಿದ್ದಿದ್ದರೆ!"

"ಕೇಳೋದಕ್ಕೇ..."

"ಗೊತ್ತಾಯ್ತು, ಗೊತ್ತಾಯ್ತು. ಒಳಗೆ ಬಾ, ಚಳಿ."

ಅದರ ಮುಂದಿನ ಗುರುವಾರ ನಾನು ಊಟಕ್ಕೆ ಹೋದಾಗ ಕೌನ್ಸಿಲರೂ ಬಂದಿದ್ದ. ಅವಳು ನನ್ನ ಮೊಣಕೈ ಹಿಡಿದು ಅವನ ಮುಂದೆ ನಿಲ್ಲಿಸಿ, "ಇವರು ಅವತ್ತು ಒಂದು ಮಾತು ಕೇಳಬೇಕಿತ್ತು, ನೀವು ಎಣಿಸಿಬಿಟ್ಟಿರಿ" ಎಂದಳು. ಈ ಸಲ ಕೈ ಎತ್ತದೆ ಕೇಳಿದೆ. ಅವನು ಚಮಚ ಕೆಳಗಿಟ್ಟು, ಒಳ್ಳೆಯ ಪ್ರಶ್ನೆ ಎಂದ. ಬಾಡಿಗೆಯವರಿಗೆ ಬೇರೆ ಯೋಜನೆಗಳಿವೆ ಎಂದ, ಎಲ್ಲರಿಗೂ ಎಲ್ಲವೂ ಆಗುವುದಿಲ್ಲ ಎಂದ, ಒಂಟಿ ಹೆಂಗಸೊಬ್ಬಳು ಟ್ಯಾಕ್ಸ್ ಕಟ್ಟಲಾಗದೆ ಹೀಟಿಂಗ್ ಆರಿಸಿ ಕೂತದ್ದನ್ನು ತಾನೇ ನೋಡಿದ್ದೇನೆ ಎಂದ. ಅದು ಹೇಳುವಾಗ ಅವನ ಮುಖ ನೋಡಿದರೆ ಸುಳ್ಳಲ್ಲ. ನಾನು ಮತ್ತೆ ಗೊಂದಲಕ್ಕೆ ಬಿದ್ದೆ. ಆ ಹೆಂಗಸು ಬೆಚ್ಚಗಾಗಬೇಡವೇ? ಆಗಬೇಕು. ಈ ಮುದುಕ ಬಿಸಿಯಾಗಿ ಉಣ್ಣಬೇಡವೇ? ಉಣ್ಣಬೇಕು. ಒಂದೇ ಹೊದಿಕೆ, ಆ ಕಡೆ ಎಳೆದರೆ ಈ ಕಡೆ ಕಾಲು ಹೊರಗೆ. ಮುದುಕ ಮಾತ್ರ ಪೈ ತಿನ್ನುತ್ತ, "ಮೊದಲು ಕಸ್ಟರ್ಡ್ ಬರಲಿ, ಆಮೇಲೆ ತೀರ್ಮಾನ ಮಾಡಿ" ಎಂದ.

ತೀರ್ಮಾನ ಟ್ಯಾಕ್ಸ್ ಇಳಿಸುವುದು ಎಂದೇ ಆಯಿತು, ಊಟಕ್ಕೆ ಬರುತ್ತಿದ್ದ ಲಾಟರಿ ದುಡ್ಡು ನಿಂತಿತು. ಏಪ್ರಿಲ್ ತಿಂಗಳಿನಿಂದ ನನ್ನ ಕಂದಾಯ ಇನ್ನಷ್ಟು ಇಳಿಯಿತು. ನನಗೆ ಬೇಡ, ವಾಪಸು ಮಾಡು ಎಂದು ನಿಮ್ಮಪ್ಪನಿಗೆ ಹೇಳಿದೆ. "ವಾಪಸ್ ಮಾಡೋಕೆ ಅದರಲ್ಲಿ ಆಪ್ಷನ್ನೇ ಇಲ್ಲಮ್ಮ" ಎಂದು ನಕ್ಕ. ಪಕ್ಕದ ಮನೆಯವಳೂ ಒಂಟಿಯೇ ಅಲ್ಲವೇ, ಅವಳಿಗೂ ಇಳಿಯಿತು. ಬೇಲಿಯ ಆ ಕಡೆಯಿಂದ "ನಿನಗೂ ಬಂತಾ?" ಎಂದಳು. "ಬಂತು" ಎಂದೆ. ಇಬ್ಬರೂ ಏನೋ ಕದ್ದವರ ಹಾಗೆ ನಿಂತಿದ್ದೆವು. ಆಮೇಲೆ ಅವಳಿಗೆ ನಗು ಬಂತು, ನನಗೂ ಬಂತು.

ಟ್ಯಾಕ್ಸ್ ಇಳಿದ ನಾವು ಕೆಲವರು ಸೇರಿ ಹಾಲ್‌ನ ಬಾಗಿಲಲ್ಲಿ ಕಾಸು ಹಾಕಲು ಒಂದು ಟಿನ್ ಇಟ್ಟೆವು. ಅದರಲ್ಲಿ ಬಿದ್ದದ್ದು ವಾರ ಬಿಟ್ಟು ವಾರದ ಊಟಕ್ಕೆ ಸಾಕಾಗುತ್ತದೆ, ಪ್ರತಿ ವಾರಕ್ಕೆ ಸಾಲದು. ಊಟವಿಲ್ಲದ ಗುರುವಾರ ನಮ್ಮ ಮನೆಗೆ ಬನ್ನಿ ಎಂದು ಮುದುಕನನ್ನು ಕರೆದೆವು. ಬರಲಿಲ್ಲ. "ಹಾಲ್‌ಗೆ ಬಂದರೆ ಊಟ, ಮನೆಗೆ ಬಂದರೆ ಭಿಕ್ಷೆ" ಎಂದ. ನನಗೆ ಅದು ಅರ್ಥವಾಯಿತು. ನಮ್ಮೂರಿನಲ್ಲೂ ಅಂಥವರಿದ್ದರು.

ಆದ್ದರಿಂದ ಆ ಗುರುವಾರಗಳಲ್ಲಿ ಅನ್ನ ಬೇಯಿಸಿ, ಕಡಲೆಬೇಳೆ ಕೆಂಪಗೆ ಹುರಿದು ಚಿತ್ರಾನ್ನ ಮಾಡಿ, ಸ್ಟೀಲ್ ಡಬ್ಬಿಯನ್ನು ಟವೆಲ್ಲಿನಲ್ಲಿ ಸುತ್ತಿ ಪಕ್ಕದ ಮನೆಯವಳ ಕೈಯಲ್ಲಿ ಬೆಟ್ಟದ ಮೇಲಕ್ಕೆ ಕಳಿಸತೊಡಗಿದೆ. ತೆಗೆದುಕೊಳ್ಳುವುದಿಲ್ಲ ಎಂದುಕೊಂಡಿದ್ದೆ. ತೆಗೆದುಕೊಂಡನಂತೆ. ಯಾಕೆ ಎಂದು ಗೊತ್ತಾದದ್ದು ಡಬ್ಬಿ ವಾಪಸು ಬಂದಾಗ.

"ಬರಿದು ಕೊಡೋ ಹಾಗಿಲ್ಲ ಅಂತ ಹೇಳಿದ್ದೆ ಅವನಿಗೆ" ಎಂದಳು ಅವಳು. "ಹಾಗಾದ್ರೆ ಪರವಾಗಿಲ್ಲ ಅಂದ."

ಮುಚ್ಚಳ ತೆಗೆದೆ. ಒಳಗೆ ಒಂದು ಲಾಟರಿ ಟಿಕೆಟ್.

ಅಲ್ಲಿಂದ ಇದು ಹೀಗೇ ನಡೆಯುತ್ತಿದೆ. ಅವನು ಟಿಕೆಟ್ ಕೊಳ್ಳುತ್ತಾನೆ. ಆ ದುಡ್ಡಿನಲ್ಲಿ ನನ್ನ ಮನೆ ಕಂದಾಯ ಇಳಿಯುತ್ತದೆ. ಇಳಿದದ್ದರಲ್ಲಿ ನಾನು ಅಕ್ಕಿ, ಕಡಲೆಬೇಳೆ ತಂದು ಅವನಿಗೆ ಅಡುಗೆ ಮಾಡುತ್ತೇನೆ. ಅವನು ಡಬ್ಬಿಯಲ್ಲಿ ಮತ್ತೆ ಟಿಕೆಟ್ ಇಟ್ಟು ಕಳಿಸುತ್ತಾನೆ. ಯಾರು ಯಾರಿಗೆ ಊಟ ಹಾಕುತ್ತಿದ್ದಾರೆ ಎಂದು ನಾನು ಎಷ್ಟು ಯೋಚಿಸಿದರೂ ತಿಳಿಯುವುದಿಲ್ಲ. ಸೋದರಮಾವ ಇದ್ದಿದ್ದರೆ, ನಿನ್ನ ಮನೆಯಲ್ಲಿ ಒಂದು ಮಾರು ಆ ಡ್ರೈವರಂದು ಎಂದು ಹೇಳುತ್ತಿದ್ದ. ಇರಬಹುದು. ಮುಂಬಾಗಿಲಿನಿಂದ ಒಲೆಯವರೆಗೆ ನಡೆಯುವಾಗ ಯಾವ ಮಾರು ಎಂದು ಒಮ್ಮೊಮ್ಮೆ ನೋಡಿಕೊಳ್ಳುತ್ತೇನೆ.

ಟಿಕೆಟ್‌ಗಳು ಕುಂಕುಮದ ಭರಣಿಯ ಕೆಳಗೆ ಸೇರುತ್ತಿವೆ. ಒಂದನ್ನೂ ನೋಡಿಲ್ಲ. ಹೊಡೆದಿದ್ದರೆ ಇನ್ನೊಂದು ತಲೆನೋವು.

ಪುಟ್ಟಿ, ಚಿನ್ನು, ನೀವು ಓದಿ ದೊಡ್ಡವರಾಗುತ್ತೀರಿ. ಕನ್ನಡ ಓದುವುದನ್ನೂ ಕಲಿಯುತ್ತೀರಿ ಎಂದು ನಂಬಿದ್ದೇನೆ. ಆಗ ಇದನ್ನು ಬಿಡಿಸಿ ನೋಡಿ, ಸರಿಯೋ ತಪ್ಪೋ ನೀವು ಹೇಳಬಹುದು, ನಾನಿಲ್ಲದಿದ್ದರೂ ಹೇಳಿ. ಅಲ್ಲಿಯವರೆಗೆ ಈ ಹಾಳೆಗಳು ಒದ್ದೆಯಾಗದ ಕಡೆ ಇರಲಿ. ನಿಮ್ಮಪ್ಪ ಹಳೆಯ ಕಾಗದವೆಂದು ರೀಸೈಕಲ್ ಡಬ್ಬಕ್ಕೆ ಹಾಕಹೊರಟರೆ ಕೈ ಹಿಡಿದು ನಿಲ್ಲಿಸಿ. ಇದರ ಜೊತೆ ಕೋಡುಬಳೆ ತುಂಬಿ ಕಳಿಸುತ್ತಿರುವ ಇನ್ನೊಂದು ಸ್ಟೀಲ್ ಡಬ್ಬಿ ಖಾಲಿಯಾದ ಮೇಲೆ ಅದರಲ್ಲೇ ಮಡಿಸಿ ಇಡಿ, ಮುಚ್ಚಳ ಬಿಗಿಯಾಗಿದೆ.